ಶೋಳಿಂಗನಲ್ಲೂರಿನ ಗಾಳಿಯೂ ಹಳೆಯ ಕಾರೂ

ಚೆನ್ನೈಯಿಂದ ದಕ್ಷಿಣಕ್ಕೆ ಹಳೆಯ ಮಹಾಬಲಿಪುರದ ರಸ್ತೆಯಲ್ಲಿ ಹೊರಟರೆ ಸಿಗುವ ಶೋಳಿಂಗನಲ್ಲೂರು ಇಂದು ಕಂಪ್ಯೂಟರ್ ಕಚೇರಿಗಳ ಊರು. ಉದ್ಯೋಗಕ್ಕೆಂದು ಬಂದ ನಮ್ಮವರ ಮನೆಗಳೂ ಇಲ್ಲುಂಟು. ರಸ್ತೆಗಳು ಕೂಡುವಲ್ಲಿ ಪೂರ್ವಕ್ಕೆ ತಿರುಗಿ ಬಕಿಂಗ್‌ಹ್ಯಾಮ್ ಕಾಲುವೆಯನ್ನು ದಾಟಿದರೆ ಅಕ್ಕರೈ, ಅದರಾಚೆ ಸಮುದ್ರ. ಸಂಜೆಯ ಕಡಲಗಾಳಿ ಮೈಗೆ ಹಿತ. ಆದರೆ ಅದು ಹೊತ್ತು ತರುವ ಉಪ್ಪು ಕಬ್ಬಿಣಕ್ಕೆ ಹಗೆ. ಸಾಲದುದಕ್ಕೆ 2015ರ ಮತ್ತು 2023ರ ಡಿಸೆಂಬರ್ ಮಳೆಗಳಲ್ಲಿ ಇಲ್ಲಿಯ ತಗ್ಗುಬೀದಿಗಳಲ್ಲಿ ನೀರು ನಿಂತಿತ್ತು.

ಆದುದರಿಂದ ಈ ಕಡೆ ತಂದೆಯ ಕಾಲದ ಪದ್ಮಿನಿಯನ್ನೋ, 1961ರಿಂದ ಅಂದಿನ ಮದರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡನ್ನೋ ಆಸೆಯಿಂದ ಕೊಳ್ಳಹೊರಟವರು ಹೊಳಪಿಗೆ ಮರುಳಾಗಬಾರದು. ಬಾಗಿಲಿನ ತಳದಲ್ಲಿ ನೀರು ಬಸಿಯುವ ತೂತುಗಳು ಮಣ್ಣಿನಿಂದ ಮುಚ್ಚಿದರೆ ತುಕ್ಕು ಒಳಗಿನಿಂದಲೇ ತಿನ್ನುತ್ತದೆ. ಬಣ್ಣ ಉಬ್ಬಿ ಕಾಣುವ ಹೊತ್ತಿಗೆ ತಗಡು ಸವೆದಿರುತ್ತದೆ. ತೆಳುಬಟ್ಟೆ ಸುತ್ತಿದ ಅಯಸ್ಕಾಂತವನ್ನು ಬಾಗಿಲಿನ ಕೆಳಗಂಚಿಗೂ ಚಕ್ರದ ಮೇಲಿನ ಕಮಾನಿಗೂ ಹಿಡಿದು ನೋಡಿರಿ. ಅಂಟದಿದ್ದರೆ ಅಲ್ಲಿರುವುದು ತಗಡಲ್ಲ, ಪುಟ್ಟಿ. ಕಾಲಡಿಯ ಹಾಸನ್ನು ಎತ್ತಿರಿ. ಡಿಕ್ಕಿಯ ಸ್ಟೆಪ್ನಿಯನ್ನು ತೆಗೆಸಿರಿ. ಅಡಿಭಾಗಕ್ಕೆ ನಿನ್ನೆ ಮೊನ್ನೆ ಬಳಿದ ಕಪ್ಪು ಲೇಪವಿದ್ದರೆ ಅದು ಏನನ್ನು ಮುಚ್ಚಿದೆಯೆಂದು ಕೇಳಿರಿ.

ಹೆರಾಲ್ಡಿಗಾದರೋ ಪ್ರತ್ಯೇಕ ಚಾಸಿಯುಂಟು. ಅದನ್ನು ಕೊನೆಯಿಂದ ಕೊನೆಯವರೆಗೆ ನೋಡಬೇಕು. ಪದ್ಮಿನಿಗೆ ಅದಿಲ್ಲ, ಮೈತಗಡೇ ಬೆನ್ನೆಲುಬು. ಹಿಂದಿನ ಸ್ಪ್ರಿಂಗುಗಳನ್ನು ಕಟ್ಟಿದ ಜಾಗವೋ ಬ್ರೇಕಿನ ಕೊಳವೆಯೋ ತುಕ್ಕು ತಿಂದಿದ್ದರೆ ನಷ್ಟ ಹಣದ್ದು ಮಾತ್ರವಲ್ಲ. ಹಿಂದಿನ ಸೀಟಿನಲ್ಲಿ ಕೂರುವವರು ನಮ್ಮ ಮಕ್ಕಳು. ಮುಂಗಡ ಕೊಡುವ ಮೊದಲು ನಂಬಿಕೆಯ ಮೆಕ್ಯಾನಿಕನೊಬ್ಬನಿಂದ ಕಾರನ್ನು ಮೇಲೆತ್ತಿಸಿ ನೋಡಿಸುವುದೇ ಜಾಣತನ.