ಕಾಣದ್ದನ್ನು ಯೋಚಿಸುವ ಬುದ್ಧಿ

"ಅವಳಿಗೆ ಲೆಕ್ಕ ತಲೆಗೆ ಹತ್ತುವುದಿಲ್ಲ." ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳ ಬಗ್ಗೆ ಎಷ್ಟು ಸಲೀಸಾಗಿ ಈ ಮಾತು ಹೇಳಿಬಿಡುತ್ತೇವೆ! ಹೆಚ್ಚಾಗಿ ಅದು ಕೇಳಿಬರುವುದು ಮಗು ಏಳು, ಎಂಟನೆಯ ತರಗತಿಗೆ ಬಂದಾಗ. ಅಲ್ಲಿಯವರೆಗೆ ಮಾವಿನಹಣ್ಣು, ರೂಪಾಯಿ, ಲೀಟರ್ ಎಂದು ಕಣ್ಣಿಗೆ ಕಾಣುವುದರ ಲೆಕ್ಕ ಮಾಡುತ್ತಿದ್ದವಳ ಮುಂದೆ ಎಕ್ಸ್, ವೈ ಎಂಬ ಅಕ್ಷರಗಳು ಬಂದು ನಿಲ್ಲುತ್ತವೆ. ಅಂಕ ಇಳಿಯುತ್ತದೆ. ನಾವು ತೀರ್ಪು ಕೊಟ್ಟುಬಿಡುತ್ತೇವೆ. ಎಸೆಸೆಲ್ಸಿ ಆದ ಮೇಲೆ ಅವಳು ಏನು ಓದಬೇಕು, ಓದಬೇಕೋ ಬೇಡವೋ ಎಂಬುದೂ ಎಷ್ಟೋ ಮನೆಗಳಲ್ಲಿ ಆ ಒಂದು ಮಾತಿನಿಂದಲೇ ತೀರ್ಮಾನವಾಗಿರುತ್ತದೆ.

ಮಗುವಿಗೆ ಇಲ್ಲಿ ಬೇಕಾಗುವುದು ಅಮೂರ್ತವಾಗಿ ಯೋಚಿಸುವ ಶಕ್ತಿ. ಎದುರಿಗೆ ವಸ್ತು ಇಲ್ಲದಿದ್ದರೂ ಅದರ ನಿಯಮವನ್ನು ಮನಸ್ಸಿನಲ್ಲಿ ಹಿಡಿಯುವುದು, ಒಂದು ಕಡೆ ಕಂಡ ನಿಯಮವನ್ನು ಇನ್ನೊಂದು ಕಡೆ ಅನ್ವಯಿಸುವುದು. ಇದು ಹುಟ್ಟಿನಿಂದಲೇ ಬರಬೇಕು, ಕೆಲವರಿಗೆ ಇದೆ, ಕೆಲವರಿಗೆ ಇಲ್ಲ ಎಂದು ಬಹಳ ಜನ ತಿಳಿದಿದ್ದಾರೆ.

1931-32ರಲ್ಲಿ ರಷ್ಯದ ಮನಶ್ಶಾಸ್ತ್ರಜ್ಞ ಅಲೆಕ್ಸಾಂಡರ್ ಲೂರಿಯಾ ಉಜ್ಬೆಕಿಸ್ತಾನದ ಹಳ್ಳಿಗಳಿಗೆ ಹೋಗಿದ್ದರು. ಅಲ್ಲಿನ ಮುಸ್ಲಿಮ್ ಮನೆಗಳಲ್ಲಿ ಓದುಬರಹ ಕಲಿಯದ ಹೆಂಗಸರಿಗೆ ಅವರು ಕೆಲವು ಆಕಾರಗಳನ್ನು ತೋರಿಸಿದರು. ವೃತ್ತವನ್ನು ಕಂಡು ಅವರು ತಟ್ಟೆ, ಜರಡಿ, ಚಂದ್ರ ಎಂದರು. ತ್ರಿಕೋನವನ್ನು ಕಂಡು ತಾಯಿತ ಎಂದರು. ಅದೇ ನಾಡಿನ, ಶಿಕ್ಷಕಿಯರಾಗಲು ತರಬೇತಿ ಪಡೆಯುತ್ತಿದ್ದ ಯುವತಿಯರು ಅವನ್ನು ವೃತ್ತ, ತ್ರಿಕೋನ ಎಂದೇ ಕರೆದರು. ಹಿಮ ಬೀಳುವ ದೂರದ ಉತ್ತರದಲ್ಲಿ ಕರಡಿಗಳೆಲ್ಲ ಬಿಳಿ, ಇಂಥ ಊರು ಉತ್ತರದಲ್ಲಿದೆ, ಅಲ್ಲಿನ ಕರಡಿಯ ಬಣ್ಣ ಯಾವುದು ಎಂದು ಕೇಳಿದರೆ, ಶಾಲೆ ಕಾಣದ ರೈತರು ತಾವು ನೋಡದ ಕರಡಿಯ ಬಗ್ಗೆ ಹೇಳಲು ಒಪ್ಪಲಿಲ್ಲ. ಅಲ್ಪಸ್ವಲ್ಪ ಶಾಲೆ ಕಲಿತವರು ಮಾತ್ರ ಸುಲಭವಾಗಿ ಉತ್ತರಿಸಿದರು. ರೈತರು ದಡ್ಡರಾಗಿರಲಿಲ್ಲ. ಬೆಳೆ, ಕುರಿ, ಮಾರುಕಟ್ಟೆಯ ವಿಷಯದಲ್ಲಿ ಅವರು ಬಹಳ ಚುರುಕು. ಕಾಣದ್ದನ್ನು ಊಹಿಸಿ ತರ್ಕಿಸುವ ಆಟವನ್ನು ಅವರಿಗೆ ಯಾರೂ ಕಲಿಸಿರಲಿಲ್ಲ, ಅಷ್ಟೇ.

ಇನ್ನೊಂದು ಸಾಕ್ಷಿ ಇದೆ. 1938ರಲ್ಲಿ ಇಂಗ್ಲೆಂಡಿನ ಜಾನ್ ರೇವನ್ ಬರೀ ಚಿತ್ರಗಳ ಒಂದು ಬುದ್ಧಿಪರೀಕ್ಷೆಯನ್ನು ಪ್ರಕಟಿಸಿದರು. ಸಾಲಿನಲ್ಲಿ ಬಿಟ್ಟುಹೋದ ಚಿತ್ರ ಯಾವುದೆಂದು ಕಂಡುಹಿಡಿಯಬೇಕು. ಅನೇಕ ದೇಶಗಳಲ್ಲಿ ಮಕ್ಕಳ ತಲೆಮಾರು ಇಂಥ ಪರೀಕ್ಷೆಗಳಲ್ಲಿ ತಂದೆತಾಯಂದಿರ ತಲೆಮಾರಿಗಿಂತ ಹೆಚ್ಚು ಅಂಕ ಗಳಿಸಿದೆ ಎಂದು ನ್ಯೂಜಿಲ್ಯಾಂಡಿನ ಪ್ರಾಧ್ಯಾಪಕ ಜೇಮ್ಸ್ ಫ್ಲಿನ್ 1987ರಲ್ಲಿ ತೋರಿಸಿದರು. ಒಂದೇ ತಲೆಮಾರಿನಲ್ಲಿ ರಕ್ತ ಬದಲಾಗುವುದಿಲ್ಲ. ಬದಲಾದದ್ದು ಶಾಲೆ, ಉದ್ಯೋಗ ಮತ್ತು ಮನೆಯ ವಾತಾವರಣ.

ನಾನು ಹಲವು ವರ್ಷಗಳಿಂದ ನೆರೆಹೊರೆಯ ಮಕ್ಕಳಿಗೆ ಮನೆಯಲ್ಲೇ ಲೆಕ್ಕ ಹೇಳಿಕೊಡುತ್ತೇನೆ. ಬಟ್ಟೆ ಹೊಲಿದು ಸಂಸಾರ ಸಾಗಿಸುವ ಒಬ್ಬ ತಾಯಿ ತನ್ನ ಮಗಳನ್ನು ಕರೆತಂದಾಗ ಮೊದಲು ಹೇಳಿದ್ದೂ ಇದೇ ಮಾತು. "ನನ್ನ ಹಾಗೆಯೇ ಟೀಚರ್, ಲೆಕ್ಕ ಅಂದರೆ ಆಗುವುದಿಲ್ಲ." ಒಂದು ಸಂಜೆ ನಾವು ಮಾನಸಿಕ ಸಾಮರ್ಥ್ಯದ ಪ್ರಶ್ನೆಗಳನ್ನು ಬಿಡಿಸುತ್ತಿದ್ದೆವು. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಮೂಲೆ ಕತ್ತರಿಸಿದರೆ, ಬಿಡಿಸಿದಾಗ ಹೇಗೆ ಕಾಣುತ್ತದೆ? ಮಕ್ಕಳು ತಡವರಿಸುತ್ತಿದ್ದರು. ಮಗಳನ್ನು ಕರೆದೊಯ್ಯಲು ಬಂದಿದ್ದ ಆ ತಾಯಿ ಬಗ್ಗಿ ನೋಡಿ, ಸರಿಯಾದ ಚಿತ್ರದ ಮೇಲೆ ಬೆರಳಿಟ್ಟರು. "ಅಂಬ್ರೆಲ್ಲಾ ಕಟ್ ಹೀಗೆಯೇ ಅಲ್ಲವಾ?"

ನಾವು ಅಲ್ಲಿಂದಲೇ ಪಾಠ ಶುರು ಮಾಡಿದೆವು. ಸೊಂಟ 24 ಇಂಚು ಇದ್ದರೆ ಆರರಿಂದ ಭಾಗಿಸಿ, ಮಡಚಿದ ಬಟ್ಟೆಯ ಮೂಲೆಯಿಂದ 4 ಇಂಚಿಗಿಂತ ಸ್ವಲ್ಪ ಒಳಗೆ ಕಮಾನಿನಂತೆ ಗುರುತು ಹಾಕುತ್ತೇನೆ ಎಂದರು ಆಕೆ. "ಆರೇ ಯಾಕೆ ಉಮ್ಮ?" ಎಂದಳು ಮಗಳು. ಉಮ್ಮನಿಗೆ ಗೊತ್ತಿರಲಿಲ್ಲ. ನಮಗೆ ಹಾಗೆಯೇ ಕಲಿಸಿದ್ದು ಎಂದರು. ಒಂದು ತಟ್ಟೆ, ಒಂದು ದಾರ ತಂದೆವು. ತಟ್ಟೆಯ ನಡುವಿನಿಂದ ಅಂಚಿನವರೆಗಿನ ಉದ್ದಕ್ಕೆ ದಾರ ಕತ್ತರಿಸಿ ಅಂಚಿನ ಸುತ್ತ ಅಳೆದಳು. ಆರು ಸಲ ಬಂದು ಸ್ವಲ್ಪ ಉಳಿಯಿತು. ಆ ಸ್ವಲ್ಪಕ್ಕಾಗಿಯೇ ಉಮ್ಮ 4 ಇಂಚಿಗಿಂತ ಒಳಗೆ ಗುರುತು ಹಾಕುತ್ತಿದ್ದದ್ದು! ದೊಡ್ಡ ತಟ್ಟೆಗೂ ಅಷ್ಟೇ, ಬಳೆಗೂ ಅಷ್ಟೇ. ಎಲ್ಲ ಅಳತೆಗೂ ಒಂದೇ ನಿಯಮ ಹೇಳಬೇಕಾದರೆ ಅಕ್ಷರ ಬೇಕಾಗುತ್ತದೆ ಎಂದು ಅವಳಿಗೆ ಅಂದು ಅರ್ಥವಾಯಿತು.

ಅಕ್ಷರದ ಲೆಕ್ಕ ನಮಗೆ ಪರಕೀಯವೂ ಅಲ್ಲ. ಆಲ್ಜೀಬ್ರಾ ಎಂಬ ಹೆಸರು ಒಂಬತ್ತನೆಯ ಶತಮಾನದಲ್ಲಿ ಬಗ್ದಾದಿನಲ್ಲಿದ್ದ ಅಲ್ ಖ್ವಾರಿಝ್ಮಿಯವರ ಗ್ರಂಥದ 'ಅಲ್ ಜಬ್ರ್' ಎಂಬ ಪದದಿಂದ ಬಂದದ್ದು. ಆ ಗ್ರಂಥದ ದೊಡ್ಡ ಭಾಗ ಇರುವುದೇ ವಾರಸು ಹಂಚಿಕೆಯ ಲೆಕ್ಕಕ್ಕೆ. ಅವರೂ ಮನೆಯ ಲೆಕ್ಕವನ್ನೇ ಹಿಡಿದು ನಿಯಮವನ್ನು ಹೇಳಿದರು. ಅದನ್ನು ಚಿಹ್ನೆಗಳಿಲ್ಲದೆ, ಪೂರ್ತಿ ಮಾತಿನಲ್ಲೇ ಬರೆದರು.

ಈ ಶಕ್ತಿ ಲೆಕ್ಕದ ಪುಸ್ತಕಕ್ಕೆ ಮಾತ್ರ ಸೀಮಿತವಲ್ಲ. ರೋಗಿಯ ತೂಕಕ್ಕೆ ತಕ್ಕಂತೆ ಔಷಧಿಯ ಪ್ರಮಾಣ ನಿಗದಿ ಮಾಡುವಾಗ, ಕಾನೂನಿನ ಕಲಮನ್ನು ಎದುರಿಗಿರುವ ಪ್ರಕರಣಕ್ಕೆ ಅನ್ವಯಿಸುವಾಗ, ಕಂಪ್ಯೂಟರಿಗೆ ಪ್ರೋಗ್ರಾಮ್ ಬರೆಯುವಾಗ ದುಡಿಯುವುದು ಇದೇ ಬುದ್ಧಿ. ಬ್ಯಾಂಕ್ ಪರೀಕ್ಷೆಗಳಲ್ಲಿ ತರ್ಕಕ್ಕೆಂದೇ ಒಂದು ವಿಭಾಗವಿದೆ. ಎಂಟನೆಯ ತರಗತಿಯ ಮಕ್ಕಳು ಬರೆಯುವ ಎನ್.ಎಂ.ಎಂ.ಎಸ್. ವಿದ್ಯಾರ್ಥಿವೇತನ ಪರೀಕ್ಷೆಯಲ್ಲೂ 90 ಪ್ರಶ್ನೆಗಳು ಮಾನಸಿಕ ಸಾಮರ್ಥ್ಯದ್ದೇ. ಸರಕಾರಿ, ಅನುದಾನಿತ ಶಾಲೆಯ, ವಾರ್ಷಿಕ ಆದಾಯ ಮೂರೂವರೆ ಲಕ್ಷ ರೂಪಾಯಿ ಮೀರದ ಮನೆಯ ಮಕ್ಕಳು ಇದನ್ನು ಬರೆಯಬಹುದು. ಆಯ್ಕೆಯಾದರೆ ಒಂಬತ್ತನೆಯ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ. ಶಾಲೆ ಬಿಡಿಸುವ ಮಾತು ಬರುವುದೂ ಹೆಚ್ಚಾಗಿ ಇದೇ ನಾಲ್ಕು ವರ್ಷಗಳಲ್ಲಿ.

ಆ ಹುಡುಗಿಗೆ ವಿದ್ಯಾರ್ಥಿವೇತನ ಸಿಗಲಿಲ್ಲ. ಕೆಲವೇ ಅಂಕಗಳಿಂದ ತಪ್ಪಿತು. ಆದರೆ ಪಿಯುಸಿಯಲ್ಲಿ ಅವಳು ಗಣಿತವನ್ನೇ ಆರಿಸಿಕೊಂಡಳು. "ಹೊಲಿಗೆ ಕಲಿತರೆ ಸಾಕಲ್ಲ" ಎಂದ ಸಂಬಂಧಿಕರಿಗೆ ಉತ್ತರ ಕೊಟ್ಟವರು ಆ ತಾಯಿಯೇ. "ಹೊಲಿಗೆಯಲ್ಲೂ ಅದೇ ಲೆಕ್ಕ ಇರುವುದು, ಅವಳು ಕಲಿಯಲಿ" ಎಂದರಂತೆ.

ತಾಯಂದಿರು ಮನೆಯಲ್ಲಿ ಮಾಡಬಹುದಾದದ್ದು ಬಹಳಷ್ಟಿದೆ. ಬಿರಿಯಾನಿಗೆ ಅಕ್ಕಿ ಅಳೆಯುವಾಗ ಹದಿನೈದು ಮಂದಿ ಬಂದರೆ ಎಷ್ಟು ಬೇಕೆಂದು ಮಗಳನ್ನೇ ಕೇಳಿ. ಉತ್ತರ ಬಂದರೆ ಹೇಗೆ ಗೊತ್ತಾಯಿತೆಂದು ಕೇಳಿ. ಮೆಹಂದಿ ಹಚ್ಚುವಾಗ ಬಳ್ಳಿಯ ಮುಂದಿನ ಎಲೆ ಯಾವ ಕಡೆಗೆ ಬರಬೇಕೆಂದು ಅವಳೇ ಹೇಳಲಿ. "ಯಾಕೆ?" ಎಂದಾಗ "ಬಾಯಿ ಮುಚ್ಚು" ಎನ್ನಬೇಡಿ. ಉತ್ತರ ಗೊತ್ತಿಲ್ಲದಿದ್ದರೆ ಚಿಂತೆಯಿಲ್ಲ, ಜೊತೆಗೆ ಕುಳಿತು ಹುಡುಕಬಹುದು. ಲೆಕ್ಕ ತಲೆಗೆ ಹತ್ತುವುದಿಲ್ಲ ಎಂದು ಅವಳ ಎದುರಿಗೆ ಮಾತ್ರ ಹೇಳಬೇಡಿ. ಮಕ್ಕಳು ನಮ್ಮ ಮಾತನ್ನು ಬೇಗ ನಂಬಿಬಿಡುತ್ತಾರೆ.