ರಟ್ಟಿನ ಗಿಟಾರ್

ಬಾರ್ಸಿಲೋನಾಕ್ಕೆ ಹೋದರೆ ಅಲ್ಲಿಯ ಸಂಗೀತ ವಸ್ತುಸಂಗ್ರಹಾಲಯವನ್ನು ನೋಡದೆ ಬರಬೇಡಿ. ಆಂಟೋನಿಯೊ ಡೆ ಟೊರೆಸ್ 1862ರಲ್ಲಿ ಮಾಡಿದ ಗಿಟಾರೊಂದು ಅಲ್ಲಿದೆ. ಅದರ ಬೆನ್ನು, ಪಕ್ಕ ಎಲ್ಲ ಬರೀ ರಟ್ಟು! ನಾದದ ಜೀವ ಇರುವುದು ತಂತಿಯ ಕೆಳಗಿನ ಮೇಲುಹಲಗೆಯಲ್ಲಿ ಎಂದು ಈ ಬಡಗಿ ಹೂಡಿದ ವಾದ ಅದು. ಹಲಗೆ ಮಾತ್ರ ಹಗುರವಾದ ಸ್ಪ್ರೂಸ್ ಮರದ್ದು. ಅದನ್ನು ತೆಳ್ಳಗೆ ಹೆರೆದು, ಒಳಬದಿಗೆ ಬೀಸಣಿಗೆಯಂತೆ ಕಡ್ಡಿಗಳನ್ನು ಅಂಟಿಸುವುದು ಟೊರೆಸನ ಕ್ರಮ. ಹಲಗೆ ದಪ್ಪವಾದರೆ ದನಿ ಕಟ್ಟುತ್ತದೆ. ತೀರ ತೆಳುವಾದರೆ ತಂತಿಯ ಎಳೆತಕ್ಕೆ ಸೊಟ್ಟಗಾಗುತ್ತದೆ.

ಹಾಗಾದರೆ ನಮ್ಮ ಮಲೆನಾಡಿನ ಬೀಟೆಗೆ ಬೆಲೆಯಿಲ್ಲವೆ? ಇದೆ. 1992ರಲ್ಲಿ ಬ್ರೆಜಿಲಿನ ಬೀಟೆಯ ವ್ಯಾಪಾರಕ್ಕೆ ಅಂತರರಾಷ್ಟ್ರೀಯ ತಡೆ ಬಿದ್ದ ಮೇಲಂತೂ ಒಳ್ಳೆಯ ಗಿಟಾರುಗಳ ಬೆನ್ನಿಗೆ ಭಾರತದ ಬೀಟೆಯನ್ನೇ ಹುಡುಕುತ್ತಾರೆ. ಭಾರವಾದ, ಗಟ್ಟಿ ಮರ. ನಾದವನ್ನು ಹೀರದೆ ತಿರುಗಿ ಕಳಿಸುತ್ತದೆ. ಆದರೂ ಆ ಗಾಜಿನ ಮುಂದೆ ನಿಂತಾಗ ನೀವು ಮೊದಲು ಮೇಲುಹಲಗೆಯನ್ನೇ ನೋಡಿ.