ಅಂಗೈಯಲ್ಲಿ ಒಂದು ಮೆದುಳು

ಹರಿಹರದಲ್ಲಿ ರೈಲು ಹತ್ತಿ, ಬೀರೂರು, ಅರಸೀಕೆರೆ ದಾಟಿ ಬೆಂಗಳೂರಿಗೆ ಬಂದಿಳಿದ ಗುತ್ತೂರಿನ ನಮ್ಮಿಬ್ಬರಿಗೆ ಲಾಲ್‌ಬಾಗು ನೋಡುವ ಆಸೆಯೇನೂ ಇರಲಿಲ್ಲ. ನೇರ ಹೊಸೂರು ರಸ್ತೆಯ ನಿಮ್ಹಾನ್ಸಿಗೆ ಹೋದೆವು. ಅಲ್ಲೊಂದು ಮೆದುಳಿನ ಸಂಗ್ರಹಾಲಯವಿದೆ. ಗಾಜಿನ ಜಾಡಿಗಳ ಸಾಲು, ಒಂದೊಂದರಲ್ಲೂ ಒಬ್ಬೊಬ್ಬರ ಮೆದುಳು. ನಿಜವಾದ ಮೆದುಳನ್ನೇ ಕೈಗೂ ಕೊಡುತ್ತಾರೆ! ಕಾಲೇಜು ಓದುವ ಅಕ್ಕನ ಮಗ ಅಂಗೈ ಚಾಚಿ ಹಿಡಿದು, “ಮಾಮ, ನಮ್ಮನ್ನ ಕುಣಿಸೋದು ಇಷ್ಟೇನಾ?” ಅಂದ.

ಇಷ್ಟೇ. ಆದರೆ ನಮ್ಮನ್ನು ಕುಣಿಸುವ ಇದನ್ನೇ ಅಮಲು ಕುಣಿಸುತ್ತದೆ. ಇದರೊಳಗೆ ಗಾಂಜಾದ ಕೀಲಿಗೆ ಹೊಂದುವ ಬೀಗಗಳಿವೆ, ಸಿಬಿ1 ಎಂಬ ಗ್ರಾಹಕಗಳು. ಮೆದುಳೇ ತನಗಾಗಿ ತಯಾರಿಸಿಕೊಳ್ಳುವ ಕೀಲಿಯೂ ಉಂಟು: 1992ರಲ್ಲಿ ಪತ್ತೆಯಾದ ಆನಂದಮೈಡ್. ಗಾಂಜಾ ಈ ಬೀಗವನ್ನು ಅರೆಬರೆ ತಿರುಗಿಸುತ್ತದೆ. ಇದೇ ಬೀಗಕ್ಕೆ ಪ್ರಯೋಗಾಲಯದಲ್ಲಿ ಹುಟ್ಟಿದ ಕೀಲಿಗಳಾದ ಕೃತಕ ಕ್ಯಾನಬಿನಾಯ್ಡುಗಳಲ್ಲಿ ಅನೇಕವು ಪೂರ್ತಿ ತಿರುಗಿಸುತ್ತವೆ. ನಮ್ಮೂರ 400 ಕಿಲೊವೋಲ್ಟಿನ ತಂತಿಯನ್ನು ಟ್ರಾನ್ಸ್‌ಫಾರ್ಮರ್ ಇಲ್ಲದೆ ಮನೆಯ ಬಲ್ಬಿಗೆ ಜೋಡಿಸಿದ ಹಾಗೆ. ಅಮೆರಿಕದ ರಸಾಯನ ವಿಜ್ಞಾನಿ ಜಾನ್ ಹಫ್ಮನ್ ಇಂಥ ಅಣುಗಳನ್ನು ಕಟ್ಟಿದ್ದು ಈ ಗ್ರಾಹಕಗಳನ್ನು ಅರಿಯಲೆಂದು. ಅವನ್ನು ಒಣ ಸೊಪ್ಪಿಗೆ ಸಿಂಪಡಿಸಿ ‘ಸ್ಪೈಸ್’, ‘ಕೆ2’ ಎಂದು ಮಾರಿದವರು ಬೇರೆಯವರು.

ಇವನ್ನು ಸೇದುವವರ ಮೆದುಳಿಗೆ ಏನಾಗುತ್ತದೆ ಎಂದು ತಿಳಿಯಲು, ಬದುಕಿರುವವರ ಮೆದುಳನ್ನು ಜಾಡಿಗೆ ಹಾಕಿ ನೋಡಲಾಗದಲ್ಲ! ಅದಕ್ಕೇ ಎಂಆರ್‌ಐ. ತಲೆಬುರುಡೆಗೆ ಒಂದು ಗೀರೂ ಬೀಳದಂತೆ, ಮೆದುಳಿನ ನೀರಲ್ಲಿರುವ ಹೈಡ್ರೋಜನ್ ಕಣಗಳನ್ನು ಆಯಸ್ಕಾಂತದಿಂದ ಸಾಲುಗೂಡಿಸಿ, ರೇಡಿಯೊ ಅಲೆಯಿಂದ ತಟ್ಟಿ, ಅವು ಹೊರಡಿಸುವ ಸಂಕೇತದಿಂದ ಚಿತ್ರ ಕಟ್ಟುವುದು. ಇದನ್ನು ಎಷ್ಟು ಸಲ ಓದಿದರೂ ನನಗೆ ಇಂದ್ರಜಾಲವೇ.

2015ರಲ್ಲಿ ಟರ್ಕಿಯ ಸಂಶೋಧಕರು ಕೃತಕ ಕ್ಯಾನಬಿನಾಯ್ಡುಗಳ ಚಟದವರನ್ನು ಹೀಗೆ ನೋಡಿದಾಗ, ಮೆದುಳಿನ ಥಾಲಮಸ್ ಎಂಬ ಭಾಗದಲ್ಲೂ ಕಿರುಮೆದುಳಿನಲ್ಲೂ ಬೂದುಭಾಗ ಆರೋಗ್ಯವಂತರಿಗಿಂತ ಕಡಿಮೆಯಿತ್ತು. ಆದರೆ ಇಂಥ ವರದಿಗಳ ಮೆದುಳಿನ ಚಿತ್ರಗಳಲ್ಲಿ ಕಾಣುವ ಕೆಂಪು, ನೀಲಿ ಮಚ್ಚೆಗಳು ಯಾರೊಬ್ಬರ ಫೋಟೊವೂ ಅಲ್ಲ. ಎರಡು ಗುಂಪುಗಳ ನಡುವಿನ ಲೆಕ್ಕಾಚಾರದ ವ್ಯತ್ಯಾಸ. ಸೇದಿದ್ದರಿಂದ ಕುಗ್ಗಿತೋ, ಮೊದಲೇ ಹಾಗಿತ್ತೋ? ಒಂದೇ ಸಲದ ಸ್ಕ್ಯಾನು ಅದನ್ನು ಹೇಳಲಾರದು. ಭಿತ್ತಿಪತ್ರಗಳಲ್ಲಿ ತೂತುಬಿದ್ದ ಮೆದುಳು ತೋರಿಸಿ ಹೆದರಿಸುವವರ ಮೇಲೆ ನನಗೆ ಸಿಟ್ಟಿರುವುದು ಇದಕ್ಕೇ. ಹುಡುಗರು ಜಾಣರು, ಒಂದು ಸುಳ್ಳು ಸಿಕ್ಕರೆ ನಿಜವನ್ನೂ ನಂಬುವುದಿಲ್ಲ.

“ಬಿಟ್ಟರೆ ಸರಿಹೋಗುತ್ತಾ ಮಾಮ?” ಹುಡುಗ ಕೇಳಿದ. ದಿನವೂ ಗಾಂಜಾ ಸೇದುವವರನ್ನು ಅಮೆರಿಕದಲ್ಲಿ ಪೆಟ್ ಸ್ಕ್ಯಾನಿನಿಂದ ನೋಡಿದ್ದರು. ಅವರಲ್ಲಿ ಕಡಿಮೆಯಾಗಿದ್ದ ಸಿಬಿ1 ಗ್ರಾಹಕಗಳು ಸುಮಾರು ನಾಲ್ಕು ವಾರ ಸೇದುವುದನ್ನು ಬಿಟ್ಟ ಮೇಲೆ ಬಹುಮಟ್ಟಿಗೆ ಚೇತರಿಸಿಕೊಂಡಿದ್ದವು. ಅದನ್ನು ಹೇಳಿದೆ. ಆದರೆ ಅದು ಗಾಂಜಾದ ಮಾತು, ಸ್ಪೈಸಿಗೂ ಅದೇ ಲೆಕ್ಕ ಅಂತ ಹಿಡಿಯಬೇಡ ಎಂದೂ ಸೇರಿಸಿದೆ.